ಮದುವೆಗೆ ಕೆಂಪು ಕಾಲುಚೀಲ

ಜೂನ್ 14, ಶುಕ್ರವಾರ

ಮಗಳು ಮೋರ್ವೆನ್ ಬೆಳಿಗ್ಗೆ ಹೇಳಿದ್ದು ಇನ್ನೂ ಕೊರೆಯುತ್ತಿದೆ. "ಅಪ್ಪಾ, ನನ್ನ ಮದುವೆಗೆ ಪ್ಯಾಂಟೇ ಹಾಕ್ಕೋ. ಕಿಲ್ಟ್ ಉಟ್ರೆ ಎಲ್ರೂ ನಿನ್ನ ಕೃತಕ ಕಾಲನ್ನೇ ನೋಡ್ತಾರೆ."

ಮೊಣಕಾಲವರೆಗಿನ ಚೌಕಳಿ ಲಂಗದಂಥ ಕಿಲ್ಟ್ ಉಡದೆ ನಮ್ಮ ಕಡೆ ಗಂಡಸರು ಮಗಳ ಮದುವೆಗೆ ಹೋಗುವುದುಂಟೇ? ದೋಣಿಯ ಹಗ್ಗಕ್ಕೆ ಸಿಕ್ಕಿ ಹೋದದ್ದು ಎಡಗಾಲು, ಮಾನವಲ್ಲ. ಸೀದಾ ಇಷ್ಬೆಲ್‌ಳ ಬಟ್ಟೆ ಅಂಗಡಿಗೆ ಹೋದೆ. ಮೊಣಕಾಲುದ್ದದ ಉಣ್ಣೆಯ ಕಾಲುಚೀಲಗಳನ್ನು ಹರಡಿದಳು: ಹಾಲುಕೆನೆಯ ಬಿಳಿ, ಪಾಚಿಯ ಹಸಿರು, ನಮ್ಮೂರ ಆಕಾಶದ ಬೂದು.

"ಬೂದು ತಗೋ ಮಾರಾಯ, ಕಣ್ಣಿಗೆ ಹೊಡೆಯಲ್ಲ."

"ಹೊಡೀಬೇಕು," ಎಂದೆ. ನಮ್ಮ ಮನೆತನದ ಕಿಲ್ಟಿನ ಚೌಕಳಿಯಲ್ಲಿ ತೆಳ್ಳನೆಯ ಕೆಂಪು ಗೆರೆಯಿದೆ. ಅದಕ್ಕೊಪ್ಪುವ, ರೋವನ್ ಹಣ್ಣಿನಂಥ ಕೆಂಪನ್ನೇ ಎತ್ತಿಕೊಂಡೆ.

"ಒಂದು ಕಾಲಿಗೋ, ಎರಡಕ್ಕೋ?" ನಕ್ಕಳು ಇಷ್ಬೆಲ್.

"ಎರಡೂ ನನ್ನವೇ ಕಣೇ!"

ಸಂಜೆ ಕಿಲ್ಟ್ ಉಟ್ಟು ಮೋರ್ವೆನ್ ಮುಂದೆ ನಿಂತೆ. "ನೋಡೋರು ನೋಡ್ಲಿ. ನಾನು ಹೀಗೇ ಬರೋದು."

ಅವಳು ಬಗ್ಗಿ, ಎಡಗಾಲಿನ ಚೀಲದ ಮಡಿಕೆಯನ್ನು ಸರಿಮಾಡಿದಳು. ಆ ಕಾಲನ್ನು ಅವಳು ಮುಟ್ಟಿದ್ದು ಇದೇ ಮೊದಲು.