ಟವೆಲ್ ಹಾಕಿ ಹಿಡಿದ ಸೀಟು

ಪ್ರೀತಿಯ ಭಾವ,

ಸಾಗರ–ಹೊಸನಗರ–ತೀರ್ಥಹಳ್ಳಿ ಮಾರ್ಗದ ಮಾನ್ಯ ಪ್ರಯಾಣಿಕರೇ, ಫುಟ್‌ಬೋರ್ಡನ್ನು ಅಲಂಕರಿಸಿರುವ ಗಣ್ಯರೇ, ಟಿಕೆಟ್ ಕೇಳಿದ ಕೂಡಲೇ ನಿದ್ದೆಗೆ ಜಾರುವ ಮಹನೀಯರೇ, ಇಂದು ತಮ್ಮ ಮುಂದೆ ಒಂದು ಅನಿಲದ ಬಗ್ಗೆ ನಾಲ್ಕು ಮಾತಾಡಲು ನಿಂತಿದ್ದೇನೆ. ನಗಬೇಡಿ ಭಾವ. ಇಪ್ಪತ್ತು ವರ್ಷ ಆ ಬಸ್ಸಿನ ಕಂಡಕ್ಟರಾಗಿದ್ದ ನಿಮಗೆ ವಿಜ್ಞಾನ ಹೇಳಬೇಕಾದರೆ ಬಸ್ಸು ಹತ್ತಿಯೇ ಹೇಳಬೇಕು.

ನಿಮ್ಮ ಗಂಟಲು ಮೊದಲು ಕೈಕೊಟ್ಟದ್ದು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ. "ತೀರ್ಥಳ್ಳಿ, ತೀರ್ಥಳ್ಳಿ" ಎಂದು ಕೂಗಲು ಬಾಯಿ ತೆರೆದಿರಿ, "ತೀ" ಮಾತ್ರ ಬಂತು. "ಉಳಿದದ್ದು ಲಗೇಜಲ್ಲಿ ಬರ್ತದೆ ಬಿಡ್ರಿ," ಅಂದ ಡ್ರೈವರ್. ಎಲ್ಲರೂ ನಕ್ಕರು, ನೀವೂ. ಗಂಟಲಲ್ಲಿ ಇದ್ದದ್ದು ಗಡ್ಡೆ ಎಂದು ಗೊತ್ತಾದ ಮೇಲೆ ಯಾರೂ ನಗಲಿಲ್ಲ. "ಇನ್ನು ಬೀಡಿ ಮುಟ್ಟಲ್ಲ," ಎಂದು ಅಕ್ಕನ ಕೈ ಹಿಡಿದು ಹೇಳಿದಿರಿ.

ಶಿವಮೊಗ್ಗಕ್ಕೆ ಕಿರಣ ಚಿಕಿತ್ಸೆಗೆ ದಿನಾ ನಿಮ್ಮ ಜೊತೆ ಹೊರಟವನು ನಾನು, ಸಾಗರದ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕನ್ನಡ ಮೀಡಿಯಂ ಪದವೀಧರ, ಅಕ್ಕನ ಒಬ್ಬನೇ ತಮ್ಮ. ಅಲ್ಲಿ ಬಲೆಯಂಥ ಮುಖವಾಡ ಹಾಕಿ ನಿಮ್ಮನ್ನು ಹಲಗೆಗೆ ಬಿಗಿಯುತ್ತಿದ್ದರು. "ಉಸಿರೇ ಕಟ್ತದೆ ಮಾರಾಯ. ಬಾಗಿಲಲ್ಲಿ ನಿಂತೇ ಜೀವ್ನ ಕಳೆದೋನು ನಾನು," ಅಂದಿರಿ. ಕಿರಣಕ್ಕೆ ಅರ್ಧ ಗಂಟೆ ಮುಂಚೆ, ಆಸ್ಪತ್ರೆಯ ಹಿಂದಿನ ಜನರೇಟರ್ ಶೆಡ್ಡಿನ ಮರೆಯಲ್ಲಿ, ದಿನಕ್ಕೊಂದು ಬೀಡಿ ಉರಿಯಿತು. ಕಾವಲಿಗೆ ನಾನು. "ಇದೊಂದು ಬೀಡಿ, ನಾಳೆಯಿಂದ ಬಿಡಿ," ಅನ್ನುತ್ತಿದ್ದೆ. "ಕವಿಗಳೇ, ನಿಮ್ಮ ನಾಳೆ ಯಾವತ್ತು ಹೊರಡ್ತದೆ?" ಎಂದು ನಕ್ಕು ಕೆಮ್ಮುತ್ತಿದ್ದಿರಿ. ತಡೆಯಬೇಕಾದ ಕಡೆ ನಾನು ಕೊಟ್ಟದ್ದು ಪ್ರಾಸ.

ಈಗ ಸುದ್ದಿ. ಮೊನ್ನೆ ಒಂದು ವಿಜ್ಞಾನ ಲೇಖನದ ಕರಡು ನನ್ನ ಮೇಜಿಗೆ ಬಂತು. ಕಿರಣ ಗಡ್ಡೆಯ ಕೋಶಕ್ಕೆ ಏಟು ಹಾಕುತ್ತದೆ; ಆ ಏಟು ವಾಸಿಯಾಗದ ಹಾಗೆ ನೋಡಿಕೊಳ್ಳುವುದು ಆಮ್ಲಜನಕ. ಆದರೆ ಗಡ್ಡೆಯ ನಡುಭಾಗವೆಂದರೆ ಸೋಮವಾರ ಬೆಳಗಿನ ನಿಮ್ಮ ಬಸ್ಸು, ಗಾಳಿಯೇ ಆಡುವುದಿಲ್ಲ. ಅಲ್ಲಿನ ಕೋಶಗಳು ಏಟು ತಿಂದೂ ಸುಧಾರಿಸಿಕೊಳ್ಳುತ್ತವೆ. ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲವೊಂದಿದೆ, ನಮ್ಮ ಮೈಯೇ ಮಾಡಿಕೊಳ್ಳುವಂಥದ್ದು. ಅದು ರಕ್ತನಾಳ ಸಡಿಲಿಸಿ ಗಡ್ಡೆಯೊಳಗೆ ಆಮ್ಲಜನಕ ಹರಿಸಬಲ್ಲದು. ಆಮ್ಲಜನಕ ತಲುಪದ ಕಡೆ ತಾನೇ ಅದರ ಕೆಲಸಕ್ಕೆ ನಿಲ್ಲಬಲ್ಲದು, ಡ್ರೈವರ್ ಬಾರದ ದಿನ ಕಂಡಕ್ಟರೇ ಸ್ಟೇರಿಂಗ್ ಹಿಡಿದ ಹಾಗೆ. ಆಗ ಕಿರಣದ ಏಟು ನಾಟುತ್ತದೆ. ಇನ್ನೂ ಪರೀಕ್ಷೆಯ ಹಂತ. ಪ್ರಮಾಣ ತಪ್ಪಿದರೆ ಗಡ್ಡೆಗೇ ಉಪಕಾರವಾದೀತು ಅಂತಲೂ ಬರೆದಿತ್ತು.

ಅದೇ ಪುಟದ ಕೆಳಗೆ ಇನ್ನೊಂದು ಅನಿಲ ಕೂತಿತ್ತು. ಬೀಡಿ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಜೊತೆ ನೀವು ಎಷ್ಟು ಜಗಳ ಕಾದಿಲ್ಲ? ಇದೂ ಹಾಗೇ, ರಕ್ತದಲ್ಲಿ ಆಮ್ಲಜನಕದ ಸೀಟಿಗೆ ಟವೆಲ್ ಹಾಕುತ್ತದೆ. ಆಮ್ಲಜನಕ ಸ್ಟ್ಯಾಂಡಿನಲ್ಲೇ ಉಳಿಯುತ್ತದೆ. ಅಂದರೆ ಕಿರಣಕ್ಕೆ ಅರ್ಧ ಗಂಟೆ ಮುಂಚೆ ಒಬ್ಬರು ಬೀಡಿ ಸೇದಿದರೆ...

ಕಳೆದ ಭಾನುವಾರ ಹೊಸನಗರಕ್ಕೆ ಹೋಗಿ ಅಕ್ಕನಿಗೆ ಮೊದಲ ಅನಿಲದ ಕಥೆ ಮಾತ್ರ ಹೇಳಿದೆ.

"ಅಂದ್ರೆ ಆ ಗ್ಯಾಸು ಆಗ್ಲೇ ಬಂದಿದ್ರೆ ಇವ್ರು ಉಳೀತಿದ್ರೇನೋ?"

"ಉಳೀಬಹುದಿತ್ತೇನೋ, ಅಕ್ಕ."

"ಎಂತ ಉಳಿಯೋದು! ಖಾಕಿ ಜೇಬಲ್ಲಿ ಬೀಡಿ ಕಟ್ಟು ಇಟ್ಕಂಡೋರಿಗೆ ಯಾವ ಗ್ಯಾಸು ಏನು ಮಾಡ್ತದೆ? ನನ್ನ ಕೈ ಹಿಡಿದು ಹೇಳಿದ್ರಲ್ಲೋ..."

ನೀವು ಹೋದ ಮಾರನೇ ದಿನ ಆ ಕಟ್ಟು ಅವಳಿಗೆ ಸಿಕ್ಕಿತು. ಐದು ವರ್ಷವಾಯಿತು. ನಿಮ್ಮ ಫೋಟೋಗೆ ದಿನಾ ಹೂವಿಡುತ್ತಾಳೆ, ಮುಖ ನೋಡುವುದಿಲ್ಲ. ನಾನು ಆವತ್ತೂ ಸುಮ್ಮನಿದ್ದೆ, ಭಾನುವಾರವೂ ಸುಮ್ಮನಿದ್ದೆ. ವಿಜ್ಞಾನ ತಡವಾಗಿ ಬಂತು ಎಂದು ಹೇಳುವುದು ಎಷ್ಟು ಸಲೀಸು, ಅಲ್ಲವಾ ಭಾವ?

ನಿಮಗೆ ಇದೆಲ್ಲ ಗೊತ್ತಿದ್ದದ್ದೇ. ನಿಮಗೆ ಬರೆಯುವ ನಾಟಕ ಇಲ್ಲಿಗೆ ಸಾಕು. ಈ ಕಾಗದ ಹೋಗುವುದು ಹೊಸನಗರದ ಮನೆಗೆ.

ಅಕ್ಕಾ, ಭಾವ ಬೀಡಿ ಕೇಳಿರಲಿಲ್ಲ. ಮುಖವಾಡಕ್ಕೆ ಅವರು ಹೆದರುವುದನ್ನು ನೋಡಲಾಗದೆ ಕಟ್ಟು ತಂದವನು ನಾನು. "ಬೇಡ ಮಾರಾಯ, ಅವಳಿಗೆ ಮಾತು ಕೊಟ್ಟಿದ್ದೀನಿ," ಅಂದರು. ನಾನೇ ಕಡ್ಡಿ ಗೀರಿ, ಹಚ್ಚಿ, ಅವರ ಬಾಯಿಗಿಟ್ಟೆ.