ಕಂಡಕ್ಟರ್ ಅಲುಗಾಡಿದ

ರಾಯಚೂರು
ಫೆಬ್ರವರಿ ೧೦, ಸೋಮವಾರ

ಪ್ರೀತಿಯ ಕನಕಮ್ಮಾ,

ನೀನು ಹೇಗಿದ್ದೀ? ಬಾಣಂತಿ ಮಗಳು ಮೌನೇಶ್ವರಿ ಹೊಟ್ಟೆತುಂಬ ಉಣ್ಣುತ್ತಿದ್ದಾಳೆಯೇ? ಮೊಮ್ಮಗಳು ರಾತ್ರಿ ನಿದ್ದೆ ಕೊಡುತ್ತಾಳೋ ಇಲ್ಲವೋ? ಫೋನಿನಲ್ಲಿ ಮಾತಾಡಿದರೆ ಬಾಗಲವಾಡದ ಬೀಗರೆಲ್ಲ ಸ್ಪೀಕರ್ ಹಾಕಿಕೊಂಡು ಕೇಳುತ್ತಾರೆ. ಅದಕ್ಕೇ ಕಾಗದ. ನಾನು ಚೆನ್ನಾಗಿದ್ದೇನೆ. ಎದುರುಮನೆಯವರು ರೊಟ್ಟಿ ಕಳಿಸುತ್ತಾರೆ, ಪಲ್ಯ ನಾನೇ ಮಾಡಿಕೊಳ್ಳುತ್ತೇನೆ. ಉಪ್ಪು ಒಮ್ಮೊಮ್ಮೆ ಹೆಚ್ಚಾಗುತ್ತದೆ, ಬೈಯಲು ನೀನಿಲ್ಲ.

ಹೋದ ತಿಂಗಳು ದೇವದುರ್ಗಕ್ಕೆ ಹೋಗಿದ್ದೆನಲ್ಲ, ಡ್ರೈವರ್ ಬಸವಲಿಂಗನ ಹೊಸ ಮನೆ ನೋಡಲು? ಬರುವಾಗ ಗಬ್ಬೂರಿನಲ್ಲಿ ಚಹಾ ಕುಡಿಯೋಣವೆಂದು ಬಸ್ಸಿನ ಸೀಟಿನಿಂದ ಎದ್ದೆ. ತಲೆ ಗಿರ್ ಎಂದಿತು. ಪಕ್ಕದಲ್ಲಿದ್ದ ಹೆಣ್ಣುಮಗಳ ಟೊಮೆಟೊ ಬುಟ್ಟಿಯ ಮೇಲೆ ಧಪ್ಪನೆ ಕೂತೆ! "ಯಪ್ಪಾ, ಕಂಬಿ ಹಿಡಕೊಂಡು ನಿಂದ್ರಾಕ ಬರಂಗಿಲ್ಲೇನು?" ಎಂದಳು ಆಕೆ. ಇದೇ ದಾರಿಯಲ್ಲಿ ಜೀವಮಾನವೆಲ್ಲ ಕಂಬಿ ಮುಟ್ಟದೆ ಟಿಕೆಟ್ ಹರಿದವನಿಗೆ ಈ ಮಾತು! ಪೆಟ್ಟಾಗಿರಲಿಲ್ಲ, ಆದರೆ ರಾಯಚೂರು ಬರುವವರೆಗೂ ನಾನು ಯಾರ ಮುಖವನ್ನೂ ನೋಡಲಿಲ್ಲ.

ಮರುದಿನವೇ ಮೊಬೈಲಿನಲ್ಲಿ ಒಂದು ವ್ಯಾಯಾಮ ನೋಡಿ ಅಂಗಳದ ನಡುವೆ ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಲು ಹೊರಟೆ. ಎದುರುಮನೆಯ ಶಶಿಕಲಾ ಕಂಡವಳೇ ಓಡಿಬಂದಳು. ಗೊತ್ತಲ್ಲ, ಫಿಜಿಯೋಥೆರಪಿ ಓದಿ ದವಾಖಾನೆಯಲ್ಲಿ ಕೆಲಸ ಮಾಡುವ ಹುಡುಗಿ. "ಕಾಕಾ, ಮೊದ್ಲ ಕಾಲು ಕೆಳಗ ಇಡ್ರಿ! ಎಲ್ಲಿ ಹತ್ತೀರಿ ಅಂತ ಕೇಳದ ಟಿಕೆಟ್ ಕೊಡ್ತಿದ್ರೇನು? ನಿಮ್ಮ ಕಾಲು ಈಗ ಎಲ್ಲಿ ಅದಾವ ಅಂತ ಮೊದ್ಲ ನೋಡೂಣು, ಆಮ್ಯಾಲ ವ್ಯಾಯಾಮ." ನಗು ಬಂತು. ಸಿಟ್ಟೂ ಬಂತು.

ಆದರೂ ಒಪ್ಪಿಕೊಂಡೆ. ಅಡುಗೆಮನೆಯ ಕಟ್ಟೆಯ ಮುಂದೆ ನಿಲ್ಲಿಸಿದಳು, ತೂರಾಡಿದರೆ ಹಿಡಿಯಲು. ಪಕ್ಕದಲ್ಲಿ ಗೆಳೆಯ ಮುಷರ್ರಫ್‌ನನ್ನು ನಿಲ್ಲಿಸಿದಳು, ಅವನು ಬಟ್ಟೆ ಅಂಗಡಿ ಬಿಟ್ಟು ತಮಾಷೆ ನೋಡಲೆಂದೇ ಬಂದಿದ್ದ. ಗೋಡೆಗೆ ಆನಿಸಿದ ಕುರ್ಚಿಯಿಂದ ಕೈ ಊರದೆ ಏಳಲು ಹೇಳಿದಳು, ಎದ್ದೆ, ಏದುಸಿರು ಬಿಡುತ್ತ. ಪಾದ ಜೋಡಿಸಿ ನಿಂತೆ, ಸರಿ. ಒಂದರ ಮುಂದೊಂದು ಪಾದ ಇಟ್ಟು ನಿಂತೆ, ಮೈ ಅಲುಗಾಡಿತು. ಎಡಗಾಲ ಮೇಲೆ ನಿಲ್ಲುವಷ್ಟರಲ್ಲಿ ಕಟ್ಟೆ ಹಿಡಿದಿದ್ದೆ. "ಅರೇ, ಬಸ್ ನಿಂತದ, ಕಂಡಕ್ಟರ್ ಅಲುಗಾಡಾಕತ್ತಾನ!" ಎಂದು ಮುಷರ್ರಫ್ ನಕ್ಕ. ನಾನು ನಗಲಿಲ್ಲ ಕನಕಾ. ಕುರ್ಚಿಯಲ್ಲಿ ಕೂತು ಎಡಗಾಲನ್ನು ಒತ್ತಿಕೊಂಡೆ. ಅದನ್ನು ಕಂಡು ಅವನೂ ನಗು ನಿಲ್ಲಿಸಿ ನನ್ನ ಭುಜದ ಮೇಲೆ ಕೈ ಇಟ್ಟ. ಆಮೇಲೆ ತಾನೂ ಒಂಟಿ ಕಾಲಲ್ಲಿ ನಿಂತ. ಆ ಹೊಟ್ಟೆ ಹೊತ್ತುಕೊಂಡು ಕೊಕ್ಕರೆಯ ಹಾಗೆ ನಿಂತನಪ್ಪ, ಅದು ಇನ್ನೂ ಹೊಟ್ಟೆ ಉರಿಸಿತು!

ತಲೆ ತಿರುಗಿದ ಸಂಗತಿ ಕೇಳಿದ ಮೇಲೆ ಶಶಿಕಲಾ ಸುಮ್ಮನಿರಲಿಲ್ಲ. "ಇದು ಬರೇ ಕಾಲಿನ ಮಾತಲ್ರೀ ಕಾಕಾ, ಡಾಕ್ಟರಿಗೆ ತೋರಸ್ಬೇಕು" ಎಂದು ಕರೆದುಕೊಂಡು ಹೋದಳು. ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಎದ್ದು ನಿಂತರೆ ಅದು ಕುಸಿಯುತ್ತಿತ್ತಂತೆ. ಮಾತ್ರೆ ಬದಲಿಸಿದ್ದಾರೆ. ಈಗ ಹಾಸಿಗೆಯಿಂದ ಎದ್ದವನು ಸ್ವಲ್ಪ ಕೂತು ಆಮೇಲೆ ನಿಲ್ಲುತ್ತೇನೆ. ತಲೆ ತಿರುಗುವುದು ಕಡಿಮೆಯಾಗಿದೆ. ಮುಂಜಾನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು, ಇಷ್ಟೇ. ಮುಷರ್ರಫ್ ಪಕ್ಕದಲ್ಲಿದ್ದು ಹರಟುತ್ತಾನೆ. ಎಡಗಾಲು ಇನ್ನೂ ಹಠಮಾರಿ, ಆದರೆ ಮಾತು ಕೇಳುತ್ತಿದೆ. ನಿಜ ಹೇಳುತ್ತೇನೆ, ಮುಂಜಾನೆ ಯಾವಾಗ ಆಗುತ್ತದೋ ಎಂದು ಕಾಯುವ ಹಾಗಾಗಿದೆ.

ಬೀಗರಿಗೆ ನಮಸ್ಕಾರ ಹೇಳು. ಮೌನೇಶ್ವರಿಗೆ, ಕೂಸಿಗೆ ನನ್ನ ತುಂಬು ಆಶೀರ್ವಾದ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಯ್ಯಪ್ಪ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಾಮಕರಣಕ್ಕೆ ಖಂಡಿತ ಬರುತ್ತೇನೆ. ಆದರೆ ಜನರ ನಡುವೆ ಕೂಸನ್ನು ಎತ್ತಿಕೊಂಡು ನಿಲ್ಲು ಎಂದು ಯಾರೂ ಒತ್ತಾಯ ಮಾಡದ ಹಾಗೆ ನೋಡಿಕೋ. ತೊಟ್ಟಿಲ ಹತ್ತಿರ ಕೈಯಿರುವ ಒಂದು ಕುರ್ಚಿ ಹಾಕಿಸು. ನಾನು ಕೂತ ಮೇಲೆ ನೀನೇ ಕೂಸನ್ನು ತಂದು ತೊಡೆಯ ಮೇಲೆ ಇಡು.