ಹೊಲಿಗೆ ಯಂತ್ರದ ಮೇಜು

ಮನೆ,
ಭಾನುವಾರ ಮಧ್ಯಾಹ್ನ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಮ್ಮಾ,

ನಿನ್ನ ಮೊಂಡಿಯ ನಮಸ್ಕಾರ. ಮಂಡಿನೋವು ಹೇಗಿದೆ? ಚಿಕ್ಕಮ್ಮನ ಮನೆಯ ಮೆಟ್ಟಿಲು ಬಲು ಕಡಿದು, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಬರೆಯುತ್ತೇನೆ. ಚಿಕ್ಕಮ್ಮನ ಕೆಮ್ಮು ಇಳಿಯಿತೇ? ಅವಳ ಗೊರಕೆಗೆ ನಿದ್ದೆ ಹತ್ತುವುದಿಲ್ಲ, ಆದರೂ ನಿಮ್ಮಪ್ಪ ತುಕ್ಕು ಉಜ್ಜುವ ಸದ್ದಿಗಿಂತ ವಾಸಿ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆಯಲ್ಲ, ಅದನ್ನು ಅಪ್ಪನಿಗೆ ಓದಿ ಹೇಳಿದ್ದೆ. ನಕ್ಕಿದ್ದರು. ಆಗಿನ್ನೂ ನಗುತ್ತಿದ್ದರು. ನನ್ನ ಬಗ್ಗೆ ಚಿಂತೆ ಬೇಡ. ಕನ್ನಡಕದ ಅಂಗಡಿಯಲ್ಲಿ ಊರವರ ಗಾಜು ಉಜ್ಜಿ ಉಜ್ಜಿ ಈಗ ನನಗೇ ಕನ್ನಡಕ ಬಂದಿದೆ. ಹಾಕಿಕೊಂಡರೆ ಥೇಟ್ ಚಿಕ್ಕಮ್ಮನ ಹಾಗೆ ಕಾಣುತ್ತೇನಂತೆ. ಅವಳಿಗೆ ಹೇಳಬೇಡ, ಹಿಗ್ಗಿಬಿಡುತ್ತಾಳೆ.

ನೀನು ಹೋಗಿ ವರ್ಷವಾಗುತ್ತ ಬಂತು. ಯಾಕೆ ಹೋದೆ ಎಂದು ನಾನು ಯಾವತ್ತೂ ಕೇಳಲಿಲ್ಲ. ಗುಜರಿ ಅಂಗಡಿಯಿಂದ ಅಪ್ಪ ಹೊತ್ತು ತಂದ ಹಳೇ ಉಳಿ, ಬಾಚಿ, ಬೈರಿಗೆ, ಗರಗಸಗಳ ಮಧ್ಯೆ ನೀನು ದಾರಿ ಮಾಡಿಕೊಂಡು ಓಡಾಡುತ್ತಿದ್ದುದನ್ನು ಕಂಡವಳು ನಾನು. ನಿನ್ನ ಅಡುಗೆ ಪಾತ್ರೆಗಳಲ್ಲಿ ತುಕ್ಕು ಬಿಡಲೆಂದು ಕಬ್ಬಿಣ ನೆನೆಯುತ್ತಿತ್ತು. ಅದನ್ನೂ ತಡೆದುಕೊಂಡೆ. ಕೊನೆಗೆ ಮರಗೆಲಸದ ಹಲಗೆ ಹಾಕಲು ಜಾಗ ಸಾಲದೆಂದು ನಿನ್ನ ಹೊಲಿಗೆ ಯಂತ್ರವನ್ನು ಜಗಲಿಗೆ ತಂದಿಟ್ಟರು. ಮುಂದಿನ ವಾರ ಒಳಗಿಡ್ತೀನಿ ಅನ್ನುತ್ತಲೇ ಇದ್ದರು. ಎರಚಲು ಬಡಿದು ಅದಕ್ಕೆ ತುಕ್ಕು ಹಿಡಿದ ದಿನ ನೀನು ಜಗಳವನ್ನೂ ಆಡಲಿಲ್ಲ, ಬಟ್ಟೆ ಮಡಿಸಿಕೊಂಡೆ. ಯಾರೋ ಸತ್ತುಹೋದ ಬಡಗಿಯ ಉಳಿಗೆ ಗಂಟೆಗಟ್ಟಲೆ ಎಣ್ಣೆ ಸವರುವ ಮನುಷ್ಯ, ಹೆಂಡತಿಯ ಯಂತ್ರಕ್ಕೆ ಒಂದು ಹನಿ ಬಿಡಲಿಲ್ಲ.

ಕೆಲವು ತಿಂಗಳ ಹಿಂದೆ ಚಿಕ್ಕಮ್ಮ ಫೋನ್ ಮಾಡಿದಾಗ ನೀನು ಹಿಂದಿನಿಂದ ಹೇಳಿದ ಮಾತು ಅಪ್ಪನ ಕಿವಿಗೆ ಬಿತ್ತು. "ಅಷ್ಟು ಕಬ್ಬಿಣ ಇಟ್ಕೊಂಡು ಒಂದೇ ಒಂದು ಸಾಮಾನು ಮಾಡಿ ತೋರಿಸಲಿ, ಆಮೇಲೆ ಬರೋ ಮಾತು." ನೀನು ತಮಾಷೆಗೆ ಅಂದದ್ದು ನನಗೆ ಗೊತ್ತು. ಅಪ್ಪ ಅದನ್ನು ಸೆರಗಿನ ಗಂಟಿನ ಹಾಗೆ ಜೋಪಾನ ಮಾಡಿಕೊಂಡರು. ಮರುದಿನವೇ ಎಲ್ಲೋ ಕೆಡವಿದ ಮನೆಯ ಬಾಗಿಲಿನ ಹಲಗೆಗಳನ್ನು ತಂದರು. ನಿನ್ನ ಯಂತ್ರಕ್ಕೆ ಒಂದು ಮೇಜು ಮಾಡುತ್ತಾರಂತೆ. ಯಂತ್ರವನ್ನು ಒಳಗೆ ತಂದು, ತುಕ್ಕನ್ನೆಲ್ಲ ಉಜ್ಜಿ ತೆಗೆದು, ಚಕ್ರ ತಿರುಗಿಸಿ ನನಗೆ ತೋರಿಸಿದರು.

ಅಮ್ಮಾ, ಆ ದಿನಗಳನ್ನು ನೀನು ನೋಡಬೇಕಿತ್ತು. ನಾನು ಅಂಗಡಿಯಿಂದ ಬಂದ ಕೂಡಲೇ ಹಲಗೆಯ ಇನ್ನೊಂದು ತುದಿ ಹಿಡಿಯಬೇಕು. ಮರ ಹೆರೆಯುವ ಕೀಸುಳಿ ಮೊದಲು ಕಚ್ಚಿ ಕಚ್ಚಿ ನಿಲ್ಲುತ್ತಿತ್ತು, ಹಲಗೆಯ ಮೈಯೆಲ್ಲ ಇಲಿ ಕೆರೆದ ಹಾಗಾಯಿತು. ಒಂದು ಸಂಜೆ ಮಾತ್ರ ಸುಯ್ಯೆಂದು ಓಡಿತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮರದ ಸುರುಳಿ ಎದ್ದು ಬಂತು. ಅದನ್ನು ನನ್ನ ಅಂಗೈಯಲ್ಲಿಟ್ಟು, ಎರಡೂ ಕೈಯಿಂದ ನನ್ನ ಬೆರಳು ಮುಚ್ಚಿದರು, ಹಕ್ಕಿಮರಿ ಕೊಟ್ಟವರ ಹಾಗೆ.

ಆದರೆ ಒಳ್ಳೆಯ ಉಳಿಗಳನ್ನು ಅವರು ಕೆಲಸಕ್ಕೆ ಮುಟ್ಟಲೇ ಇಲ್ಲ. ಮಸೆದರೆ ಹಳೆಯ ಅಂಚು ಹೋಗುತ್ತದೆ, ಅದು ಇದ್ದ ಹಾಗೇ ಇರಬೇಕು ಎನ್ನುವ ವಾದ. ಮೊಂಡು ಉಳಿಯಲ್ಲೇ ಕಾಲುಗಳಿಗೆ ತೂತು ಹೊಡೆದರು. ಒಂದು ಕಾಲು ಸೀಳಿತು, ಇನ್ನೊಂದು ಮಾಡಿದರು. ಮೇಜು ನಿಂತಿತು, ಆದರೆ ಕುಂಟುತ್ತಿತ್ತು. ಈ ಕಾಲು ಚೂರು ಕೊಯ್ದರು, ಆಗ ಆ ಕಾಲು ಉದ್ದವಾಯಿತು. ಅದನ್ನು ಕೊಯ್ದರೆ ಮತ್ತೊಂದು. ಬೆಣ್ಣೆ ಹಂಚಿದ ಕೋತಿಯ ಕಥೆಯಾಯಿತು ನೋಡು. ಇನ್ನು ಸ್ವಲ್ಪ ಕೊಯ್ದರೆ ಅಮ್ಮ ಮಲಗಿಕೊಂಡೇ ಹೊಲಿಯಬೇಕು ಎಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೋದ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಯಂತ್ರವನ್ನು ಅದರ ಮೇಲೆ ಇಟ್ಟೆವು. ನಾನು ದಾರ ಪೋಣಿಸಲು ಬಗ್ಗಿದೆ. ಚಕ್ರ ತಿರುಗಿಸಿದ್ದೇ ತಡ, ಹಿಂದಿನ ಕಾಲು ಜೋಡಣೆಯಿಂದ ಕಳಚಿ ಮೇಜು ಒಂದೇ ಪಕ್ಕಕ್ಕೆ ಮಗುಚಿತು. ಗಾಬರಿಯಾಗಬೇಡ, ಯಂತ್ರಕ್ಕೆ ಒಂದು ಗೀರೂ ಆಗಿಲ್ಲ, ನನಗೂ ಏನೂ ಆಗಿಲ್ಲ. ಅಪ್ಪ ನೆಲದ ಮೇಲೆ ಕೂತುಬಿಟ್ಟರು. ಸುತ್ತ ಗೋಡೆಗೆ ಸಾಲಾಗಿ ತೂಗುಹಾಕಿದ ಸಾಮಾನುಗಳನ್ನೆಲ್ಲ ಒಮ್ಮೆ ನೋಡಿದರು. "ಇವನ್ನ ಕೂಡಿಡೋಕೆ ಮಾತ್ರ ನಂಗೆ ಬರೋದು, ಮಗಾ," ಅಂದರು. "ಇದೊಂದು ಗೊತ್ತಾಗೋಕೆ ನಿಮ್ಮಮ್ಮ ಮನೆ ಬಿಡಬೇಕಾಯ್ತು."

ಅಂದಿನಿಂದ ಅಪ್ಪ ಆ ಸಾಮಾನಿನ ಕೋಣೆಗೆ ಕಾಲಿಟ್ಟಿಲ್ಲ. ಗುಜರಿ ಅಂಗಡಿಯವನು ಎರಡು ಸಲ ಹೇಳಿ ಕಳಿಸಿದ, ಹೋಗಲಿಲ್ಲ. ಈ ಹುಚ್ಚು ಬಿಟ್ಟರೆ ಸಾಕು ಎಂದು ನಾವಿಬ್ಬರೂ ಎಷ್ಟು ಹಂಬಲಿಸಿದ್ದೆವು, ಅಲ್ಲವಾ? ಬಿಟ್ಟಿತು. ಜೊತೆಗೆ ಅಪ್ಪನನ್ನೂ ಕರೆದುಕೊಂಡು ಹೋಯಿತು. ಬೆಳಗಾದರೆ ಕಿಟಕಿಯ ಪಕ್ಕದ ಕುರ್ಚಿ, ಕತ್ತಲಾದರೆ ಹಾಸಿಗೆ. ತಟ್ಟೆ ಮುಂದಿಟ್ಟರೆ ಅರ್ಧಕ್ಕೇ ಸರಿಸುತ್ತಾರೆ. ತಡೆಯಲಾರದೆ ನಾನೇ ಆ ಗುಜರಿಗೆ ಹೋಗಿ, ಎರಡು ಬದಿಗೂ ಹಿಡಿಯಿರುವ ಒಂದು ಪುಟ್ಟ ಹಳೇ ಕೀಸುಳಿಯನ್ನು ಆರಿಸಿ ತಂದೆ. ನಗಬೇಡ, ನಾನೇ ತಂದೆ. ಮಡಿಲಲ್ಲಿಟ್ಟರೆ ನೋಡಿದರು, ಮುಟ್ಟಲಿಲ್ಲ. ಚೆನ್ನಾಗಿದೆ ಎಂದರು, ಪರಊರಿನವರ ಮನೆಯ ಮದುವೆ ಫೋಟೋ ನೋಡಿದವರಂತೆ. ಬೇಜಾರು ಮಾಡಿಕೊಂಡು ಅತ್ತರೆ ಬೈಯಬಹುದಿತ್ತು, ಹಟ ಹಿಡಿದರೆ ಜಗಳವಾಡಬಹುದಿತ್ತು. ಇದಕ್ಕೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ ಅಮ್ಮಾ. ಕೆಲಸ ಮುಗಿದ ಮೇಲೂ ಅಂಗಡಿಯಲ್ಲೇ ಸುಮ್ಮನೆ ಕೂತಿರುತ್ತೇನೆ, ಮನೆಗೆ ಬರಲು ಕಾಲೇಳುವುದಿಲ್ಲ.

ಮೇಜಿನ ಕೆಲಸ ನಡೀತಿದೆ ಅಂತ ಬರೆದುಬಿಡು ಎಂದು ಅಪ್ಪ ಹೇಳಿದ್ದಾರೆ. ನಡೆಯುತ್ತಿಲ್ಲ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚಿಕೋ, ಊಟ ತಪ್ಪಿಸಬೇಡ.

ಇಂತಿ ನಿನ್ನ
ಮೊಂಡಿ

ತಾ.ಕ.: ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಯಂತ್ರಕ್ಕೆ ಗೀರಾಗದ್ದು ಯಾಕೆಂದರೆ, ಅದು ಬೀಳುವಾಗ ಅಪ್ಪ ಕೈ ಅಡ್ಡ ಕೊಟ್ಟರು. ಬಲಗೈಯ ಎರಡು ಬೆರಳು ಉಳಿಯಲಿಲ್ಲ, ಆಸ್ಪತ್ರೆಯಲ್ಲಿ ತೆಗೆದರು. ನಿನಗೆ ತಿಳಿಸುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ಬಾ ಎಂದು ನಾನು ಕರೆಯುತ್ತಿಲ್ಲ, ಆ ಬಾಯಿ ನನಗಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಆಗುತ್ತಿಲ್ಲ, ನಾನು ಹಾಕಲು ಹೋದರೆ ಗೋಡೆಯ ಕಡೆ ತಿರುಗುತ್ತಾರೆ. ಅವರ ಅಳತೆ ನಿನಗೆ ಬಾಯಿಪಾಠವಲ್ಲವಾ, ತಲೆಯಿಂದ ಹಾಕಿಕೊಳ್ಳುವಂಥ, ಗುಂಡಿಯಿಲ್ಲದ ಎರಡು ಅಂಗಿ ಕೈಹೊಲಿಗೆಯಲ್ಲಾದರೂ ಹೊಲಿದು ಕಳಿಸು. ಈಗ ಸ್ವಲ್ಪ ಇಳಿದಿದ್ದಾರೆ, ಎದೆಯ ಹತ್ತಿರ ಒಂದಿಂಚು ಕಡಿಮೆ ಹಿಡಿ.